ಮೊದಲ ಜಪಾನಿ ಕತ್ತಿ: ಕಲಿಯೋಕೆ ಯಾವುದು, ಗೋಡೆಗೆ ಯಾವುದು? ಪದೇ ಪದೇ ಕೇಳುವ ಪ್ರಶ್ನೆಗಳು

ಇಯಾಯ್ದೊ (ಒರೆಯಿಂದ ಕತ್ತಿ ಎಳೆದು ಬೀಸುವ ಜಪಾನಿ ವಿದ್ಯೆ), ಕೆಂಡೊ (ಜಪಾನಿ ಕತ್ತಿವರಸೆ) ಕಲಿಯಲು ಬಂದವರು, ಮನೆಯಲ್ಲಿ ಒಂದು ಕಟಾನಾ (ಬಾಗಿದ ಉದ್ದ ಜಪಾನಿ ಕತ್ತಿ) ಇರಲಿ ಅಂತ ಆಸೆಪಡುವವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಮೊದಲು ಸುಲಭದವು, ಆಮೇಲೆ ಸ್ವಲ್ಪ ಆಳದವು. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

## ಶುರು ಮಾಡುವ ಮೊದಲು

ಒಂದೇ ಕಟಾನಾ ತಗೊಂಡ್ರೆ ಪ್ರಾಕ್ಟೀಸೂ ಆಗುತ್ತೆ, ಗೋಡೆಗೂ ಆಗುತ್ತೆ ಅಲ್ವಾ?

ಆಗಲ್ಲ. ಈ ಆಸೆಯಿಂದಲೇ ಜಾಸ್ತಿ ದುಡ್ಡು ಹಾಳಾಗುವುದು, ಅಪಾಯವೂ ಇದರಲ್ಲೇ ಇದೆ. ಕಡಿಮೆ ಬೆಲೆಗೆ ಸಿಗುವ ಅಲಂಕಾರದ ಕತ್ತಿಗಳ ಅಲಗು ಸಾಮಾನ್ಯವಾಗಿ ಸ್ಟೇನ್‌ಲೆಸ್ ಸ್ಟೀಲಿನದು. ಹೊಳೆಯುತ್ತದೆ, ತುಕ್ಕು ಬೇಗ ಹಿಡಿಯಲ್ಲ. ಆದರೆ ಅಷ್ಟುದ್ದದ ಅಲಗನ್ನು ಜೋರಾಗಿ ಬೀಸಿದಾಗ ಬೀಳುವ ಒತ್ತಡವನ್ನು ಅದು ತಡೆಯಲ್ಲ. ಇನ್ನೊಂದು ವಿಷಯ ಹಿಡಿಯೊಳಗೆ ಅಡಗಿರುತ್ತದೆ. ಅಲಗಿನ ಉಕ್ಕೇ ಬಾಲವಾಗಿ ಅಲ್ಲಿ ಅಗಲವಾಗಿ, ಒಂದೇ ತುಂಡಾಗಿ ಮುಂದುವರಿಯಬೇಕು. ಅಗ್ಗದವುಗಳಲ್ಲಿ ತೆಳ್ಳಗಿನ ಒಂದು ಕಂಬಿಯನ್ನು ವೆಲ್ಡ್ ಮಾಡಿ, ತುದಿಗೆ ನಟ್ಟು ಬಿಗಿದಿರುತ್ತಾರೆ. ಬೀಸಿದ ಹೊತ್ತಿಗೆ ಆ ವೆಲ್ಡಿಂಗ್ ಬಿಟ್ಟರೆ, ಕಾವಿನಿಂದ ಕೊಡಲಿ ಕಳಚಿ ಹಾರಿದ ಹಾಗೆ ಅಲಗು ಹಾರುತ್ತದೆ.

ಕಲಿಕೆಗೆ ಒಂದು, ಗೋಡೆಗೆ ಒಂದು ಅಂತ ಎರಡು ಬೇರೆ ಲೆಕ್ಕ ಇಟ್ಟುಕೊಳ್ಳಿ. ಎರಡಕ್ಕೂ ದುಡ್ಡಿಲ್ಲದಿದ್ದರೆ ಕಲಿಕೆಯದನ್ನೇ ಮೊದಲು ತಗೊಳ್ಳಿ.

ಬೊಕ್ಕೆನ್, ಶಿನಾಯ್, ಇಯಾಯ್ತೊ, ಶಿಂಕೆನ್... ಏನಿದೆಲ್ಲ? ನನಗೆ ಯಾವುದು ಬೇಕು?

ಬೊಕ್ಕೆನ್ ಅಂದರೆ ಮರದ ಕತ್ತಿ. ಬೊಕುತೊ ಅಂತಲೂ ಕರೆಯುತ್ತಾರೆ. ಶಿನಾಯ್ ಬಿದಿರಿನ ನಾಲ್ಕು ಪಟ್ಟಿ ಸೇರಿಸಿ ಕಟ್ಟಿದ್ದು. ಕೆಂಡೊದಲ್ಲಿ ರಕ್ಷಾಕವಚ ತೊಟ್ಟು ಒಬ್ಬರಿಗೊಬ್ಬರು ಹೊಡೆಯುವುದು ಇದರಲ್ಲೇ. ಇಯಾಯ್ತೊ ನೋಡಲು ಅಸಲಿ ಕಟಾನಾದಂತೆಯೇ ಇರುತ್ತದೆ, ಒರೆಯಿಂದ ಎಳೆಯಬಹುದು, ಆದರೆ ಹರಿತವಿಲ್ಲ. ಅದರ ಅಲಗು ಹೆಚ್ಚಾಗಿ ಸತು ಮತ್ತು ಅಲ್ಯೂಮಿನಿಯಂ ಮಿಶ್ರಲೋಹದ್ದು, ಸಾಣೆ ಹಿಡಿದರೂ ಅದಕ್ಕೆ ಹರಿತ ನಿಲ್ಲಲ್ಲ. ಶಿಂಕೆನ್ ಅಂದರೆ ಹರಿತವಾದ ಅಸಲಿ ಕತ್ತಿ.

ಯಾವ ವಿದ್ಯೆ ಕಲಿಯುತ್ತಿದ್ದರೂ ಮೊದಲು ಬೇಕಾಗುವುದು ಬೊಕ್ಕೆನ್. ಕೆಂಡೊದವರಿಗೆ ಮುಂದೆ ಶಿನಾಯ್, ಇಯಾಯ್ದೊದವರಿಗೆ ಮುಂದೆ ಇಯಾಯ್ತೊ. ಶಿಂಕೆನ್ ಆರಂಭದವರ ಪಟ್ಟಿಯಲ್ಲೇ ಇಲ್ಲ.

ಮರದ ಕೋಲು ಹಿಡ್ಕೊಂಡು ಎಷ್ಟು ದಿನ ಆಡೋದು? ಅದರಲ್ಲಿ ಏನು ಕಲಿಯೋಕಿದೆ?

ತುಂಬಾ ಇದೆ. 1912ರಲ್ಲಿ ರೂಪುಗೊಂಡ ಕೆಂಡೊದ ಹತ್ತು ಕಟಾಗಳನ್ನು, ಅಂದರೆ ಕ್ರಮಬದ್ಧ ಅಭ್ಯಾಸಗಳನ್ನು, ಇವತ್ತಿಗೂ ಬೊಕುತೊ ಹಿಡಿದೇ ಮಾಡುತ್ತಾರೆ. ಏಳು ಉದ್ದ ಕತ್ತಿಯವು, ಮೂರು ಗಿಡ್ಡ ಕತ್ತಿಯವು. ದೊಡ್ಡ ದೊಡ್ಡ ದಾನ್ ದರ್ಜೆಯವರೂ ಅದನ್ನೇ ಹಿಡಿದು ನಿಲ್ಲುತ್ತಾರೆ. ಬೊಕ್ಕೆನ್ ದುಂಡಗಿನ ದೊಣ್ಣೆಯಲ್ಲ. ಅದಕ್ಕೂ ಬೆನ್ನು, ಬಾಯಿ (ಕತ್ತರಿಸುವ ಅಂಚು), ಬಾಗು ಇವೆ. ಎಡಗೈ ಎಳೆಯಬೇಕು, ಬಲಗೈ ಸುಮ್ನೆ ದಾರಿ ತೋರಿಸಬೇಕು ಅನ್ನುವುದು ಮೈಗೆ ಹತ್ತುವುದು ಅದರಲ್ಲೇ.

ಒರೆಯಿಂದ ಎಳೆಯುವ ಅಭ್ಯಾಸವೂ ಬೇಕು ಅನ್ನುವವರಿಗೆ ಪ್ಲಾಸ್ಟಿಕ್ ಒರೆಯಿರುವ ಬೊಕ್ಕೆನ್ ಸಿಗುತ್ತದೆ. ಇಯಾಯ್ದೊ ಶುರು ಮಾಡುವವರಿಗೆ ಕಡಿಮೆ ಖರ್ಚಿನ ಒಳ್ಳೆಯ ದಾರಿ ಅದು. ಎಳೆಯುವಾಗ, ಮತ್ತೆ ಒಳಗಿಡುವಾಗ ಎಡಗೈ ಒರೆಯ ಬಾಯಿಯನ್ನು ಸುತ್ತಿ ಹಿಡಿದಿರುತ್ತದೆ. ಹೊಸಬರ ಬೆರಳು ಅಲಗಿನ ದಾರಿಗೆ ಬರುವುದು ಅಲ್ಲೇ. ಅಲ್ಲಿ ಮರ ತಾಗಿದರೆ ಚರ್ಮ ಸ್ವಲ್ಪ ಕೆಂಪಾಗುತ್ತದೆ. ಹರಿತದ ಅಲಗಾಗಿದ್ದರೆ ಹೊಲಿಗೆ ಹಾಕಿಸಬೇಕಾಗುತ್ತದೆ.

ನಮ್ಮೂರ ಬಡಗಿ ಹತ್ರ ಬೊಕ್ಕೆನ್ ಮಾಡಿಸ್ಬಹುದಾ?

ಮಾಡಿಸಬಹುದು. ಆದರೆ ಮರ ಯಾವುದು ಅನ್ನುವುದೇ ಎಲ್ಲ. ಜಪಾನಿನಲ್ಲಿ ಬಿಳಿ ಅಥವಾ ಕೆಂಪು ಓಕ್ ಮರ ಬಳಸುತ್ತಾರೆ. ಅಲ್ಲಿನ ಬೊಕುತೊಗಳಲ್ಲಿ ಹೆಚ್ಚಿನವು ಕ್ಯೂಶೂ ದ್ವೀಪದ ಮಿಯಾಕೊನೊಜೊ ಊರಿನಲ್ಲಿ ತಯಾರಾಗುತ್ತವೆ. ಆ ಓಕ್ ಏಟು ತಿಂದರೂ ಸುಲಭಕ್ಕೆ ಸೀಳುವುದಿಲ್ಲ.

ನಮ್ಮಲ್ಲಿ ಎಲ್ಲರ ಬಾಯಿಗೆ ಮೊದಲು ಬರುವುದು ತೇಗ. ಬಾಗಿಲು, ಕಿಟಕಿಗೆ ಅದಕ್ಕಿಂತ ಒಳ್ಳೆಯ ಮರ ಇಲ್ಲ, ಆದರೆ ಏಟು ತಡೆಯುವ ಗುಣ ಅದಕ್ಕೆ ಕಡಿಮೆ. ಕೊಡಗು, ಚಿಕ್ಕಮಗಳೂರು ಕಡೆಯವರು ತೋಟದ ಸಿಲ್ವರ್ ಓಕ್ ಆಗುತ್ತಾ ಅಂತ ಕೇಳುತ್ತಾರೆ. ಅದು ಆಸ್ಟ್ರೇಲಿಯದಿಂದ ಬಂದ ಮರ, ಓಕ್ ಜಾತಿಗೂ ಅದಕ್ಕೂ ಸಂಬಂಧವಿಲ್ಲ. ಬೇಡ. ನೇಗಿಲಿಗೆ, ಗಾಡಿ ಚಕ್ರಕ್ಕೆ, ಹಾರೆ ಗುದ್ದಲಿಯ ಕಾವಿಗೆ ನಮ್ಮ ಹಿರಿಯರು ಬಳಸುತ್ತಿದ್ದ ಜಾಲಿ ಮರ ಈ ಕೆಲಸಕ್ಕೆ ಹೊಂದುತ್ತದೆ. ಚೆನ್ನಾಗಿ ಒಣಗಿರಬೇಕು, ಗಂಟು ಇರಬಾರದು, ನಾರು ತುದಿಯಿಂದ ತುದಿಗೆ ನೇರವಾಗಿ ಓಡಿರಬೇಕು. ಉದ್ದ ಸುಮಾರು 101 ಸೆಂಟಿಮೀಟರ್ ಇಟ್ಟುಕೊಳ್ಳಿ. ವಾರ್ನಿಷ್ ಬಳಿಸಬೇಡಿ, ಬೆವರಿದ ಕೈ ಜಾರುತ್ತದೆ. ಇಬ್ಬರು ಎದುರುಬದುರು ನಿಂತು ಮಾಡುವ ಅಭ್ಯಾಸಕ್ಕೆ ಮಾತ್ರ ಕಂಪನಿಯ ಓಕ್ ಬೊಕ್ಕೆನ್ನೇ ಇರಲಿ. ಒಬ್ಬರ ಕತ್ತಿಯ ಚೂರು ಇನ್ನೊಬ್ಬರ ಕಣ್ಣಿಗೆ ಹೋಗಬಾರದು.

ಎಷ್ಟು ದುಡ್ಡು ಇಟ್ಕೊಂಡ್ರೆ ಏನು ಸಿಗುತ್ತೆ?

ಜಪಾನಿನಲ್ಲಿ ಒಂದು ಸಾಧಾರಣ ಓಕ್ ಬೊಕುತೊ ಕೆಲವು ಸಾವಿರ ಯೆನ್‌ಗೆ ಸಿಗುತ್ತದೆ. ಆರಂಭದವರ ಇಯಾಯ್ತೊಗೆ ಕೆಲವು ಹತ್ತು ಸಾವಿರ ಯೆನ್ ಬೇಕು. ಒಂದು ಯೆನ್ ಅಂದರೆ ಅರ್ಧ ರೂಪಾಯಿಗಿಂತ ಸ್ವಲ್ಪ ಜಾಸ್ತಿ ಅಂತ ಲೆಕ್ಕ ಹಾಕಿ, ಅದರ ಮೇಲೆ ಸಾಗಣೆ ಮತ್ತು ಸುಂಕ ಸೇರಿಸಿ. ಆಮೇಲೆ ನಿಮಗೇ ಗೊತ್ತಾಗುತ್ತದೆ, ಮೊದಲ ವರ್ಷ ಮರದ್ದೇ ಯಾಕೆ ಸಾಕು ಅಂತ. ಉಳಿದ ದುಡ್ಡನ್ನು ಒಳ್ಳೆಯ ಗುರುಗಳ ಫೀಸಿಗೆ ಇಡಿ.

## ಆರಿಸುವಾಗ

ನನ್ನ ಎತ್ತರಕ್ಕೆ ಎಷ್ಟು ಉದ್ದದ ಕತ್ತಿ ಬೇಕು?

ಜಪಾನಿ ಕತ್ತಿಯ ಅಲಗನ್ನು ಶಾಕು ಲೆಕ್ಕದಲ್ಲಿ ಅಳೆಯುತ್ತಾರೆ. ಒಂದು ಶಾಕು ಅಂದರೆ 30.3 ಸೆಂಟಿಮೀಟರ್. ಹಿಡಿ ಈ ಅಳತೆಗೆ ಸೇರಲ್ಲ. ಮೊನೆಯಿಂದ, ಅಲಗಿನ ಬುಡದ ಲೋಹದ ಪಟ್ಟಿಯ ಹತ್ತಿರ ಬೆನ್ನಿನಲ್ಲಿ ಒಂದು ಕಚ್ಚು ಇರುತ್ತದಲ್ಲ, ಅಲ್ಲಿವರೆಗೆ ಅಳೆಯಬೇಕು. ಎರಡು ಶಾಕು ದಾಟಿದರೆ ಕಟಾನಾ. ಅದಕ್ಕಿಂತ ಗಿಡ್ಡದ್ದು ವಕಿಜಾಶಿ, ಒಂದು ಶಾಕು ಒಳಗಿನದು ತಾಂತೊ.

165 ಸೆಂಟಿಮೀಟರ್ ಆಸುಪಾಸಿನವರಿಗೆ 2.35 ಶಾಕು, 170ರಿಂದ 175ರವರಿಗೆ 2.4 ಅಥವಾ 2.45, 180 ದಾಟಿದವರಿಗೆ 2.5 ಸಾಮಾನ್ಯವಾಗಿ ಹೊಂದುತ್ತದೆ. ಕೈ ಉದ್ದ ಇರುವವರಿಗೆ, ಬೇರೆ ಬೇರೆ ಪರಂಪರೆಯವರಿಗೆ ಇದು ಹೆಚ್ಚುಕಮ್ಮಿ ಆಗುತ್ತದೆ. ಅಂಗಡಿಯಲ್ಲಿ ಹೀಗೆ ನೋಡಿ: ನೆಟ್ಟಗೆ ನಿಂತು ಕತ್ತಿಯನ್ನು ಬಲಗೈಯಲ್ಲಿ ಸಡಿಲವಾಗಿ ಕೆಳಗೆ ಬಿಡಿ. ಮೊನೆ ನೆಲ ತಾಗದೆ ಸ್ವಲ್ಪ ಮೇಲೆ ನಿಲ್ಲಬೇಕು. ನೆಲ ತಾಗಿದರೆ ಅದು ನಿಮಗೆ ಉದ್ದವಾಯಿತು. ಉದ್ದ ಜಾಸ್ತಿಯಾದರೆ ಒರೆಯಿಂದ ಪೂರ್ತಿ ಹೊರಗೆ ಎಳೆಯಲು ಭುಜ ಎತ್ತಬೇಕಾಗುತ್ತದೆ, ಆ ಕೆಟ್ಟ ಅಭ್ಯಾಸ ಆಮೇಲೆ ಬಿಡುವುದು ಕಷ್ಟ.

ಇಯಾಯ್ತೊದಲ್ಲಿ ಅಲಗಿನ ಉದ್ದಕ್ಕೂ ಒಂದು ಕಾಲುವೆ ಇರುತ್ತಲ್ಲ, ಅದು ಬೇಕಾ?

ಕಲಿಯುವವರಿಗೆ ಬೇಕು ಅಂತಲೇ ನಾನು ಹೇಳುತ್ತೇನೆ. ಅದರ ಹೆಸರು ಬೊಹಿ. ಅದರಿಂದ ತೂಕ ಕಡಿಮೆಯಾಗುತ್ತದೆ, ಮಣಿಕಟ್ಟು ಬೇಗ ಸೋಲಲ್ಲ. ಅದಕ್ಕಿಂತ ದೊಡ್ಡ ಲಾಭ ಸದ್ದು. ಅಲಗನ್ನು ನೇರವಾಗಿ ಬೀಸಿದರೆ ಆ ಕಾಲುವೆಯಿಂದ ಸುಂಯ್ ಅಂತ ಗಾಳಿ ಸೀಳುವ ಸದ್ದು ಬರುತ್ತದೆ. ಅಲಗು ಓರೆಯಾದರೆ ಸದ್ದು ಮಂಕಾಗುತ್ತದೆ. ಮನೆಯಲ್ಲಿ ಒಬ್ಬರೇ ಅಭ್ಯಾಸ ಮಾಡುವಾಗ ನಿಮ್ಮ ತಪ್ಪು ನಿಮಗೇ ಕೇಳಿಸುತ್ತದೆ. ಆದರೆ ಸದ್ದು ಜೋರಾಗಲಿ ಅಂತ ಬಲ ಹಾಕಿ ಬೀಸಬೇಡಿ.

ಆನ್‌ಲೈನ್‌ನಲ್ಲಿ 1060, 1095, ಟಿ10 ಅಂತೆಲ್ಲ ಬರೆದಿರ್ತಾರೆ. ಹಾಗಂದ್ರೆ ಏನು? ಯಾವುದು ಒಳ್ಳೇದು?

ಅವು ಸ್ಟೀಲಿನ ದರ್ಜೆಗಳು. 1045, 1060, 1095ರಲ್ಲಿ ಕೊನೆಯ ಎರಡು ಅಂಕಿ ಇಂಗಾಲದ ಪ್ರಮಾಣ ಹೇಳುತ್ತವೆ. 1060ರಲ್ಲಿ ಸುಮಾರು ಶೇ 0.6, 1095ರಲ್ಲಿ ಶೇ 0.95. ಇಂಗಾಲ ಜಾಸ್ತಿಯಾದರೆ ಅಲಗು ಗಟ್ಟಿಯಾಗುತ್ತದೆ, ಹರಿತ ನಿಲ್ಲುತ್ತದೆ, ಆದರೆ ಹದ ತಪ್ಪಿದರೆ ಚಕ್ಕೆ ಏಳುತ್ತದೆ. 9260 ಸ್ಪ್ರಿಂಗ್ ಸ್ಟೀಲ್, ಬಾಗಿದರೂ ವಾಪಸ್ ಬರುವ ಗುಣ ಅದಕ್ಕಿದೆ. ಟಿ10 ಹೆಚ್ಚು ಇಂಗಾಲದ ಟೂಲ್ ಸ್ಟೀಲ್.

ಅಂಕಿಗಿಂತ ಹದ ಹಾಕುವ ಕೈ ಮುಖ್ಯ. ಚೆನ್ನಾಗಿ ಹದ ಹಾಕಿದ 1060 ಕತ್ತಿ, ಅವಸರದಲ್ಲಿ ಮಾಡಿದ 1095ಕ್ಕಿಂತ ಎಷ್ಟೋ ಮೇಲು. ಆನ್‌ಲೈನ್‌ನಲ್ಲಿ ಕಡಿಮೆ ಬೆಲೆಗೆ ಕಾಣುವ ಸ್ಟೀಲ್ ಕಟಾನಾಗಳಲ್ಲಿ ಬಹಳಷ್ಟು ಚೀನಾದ ಝೆಜಿಯಾಂಗ್ ಪ್ರಾಂತ್ಯದ ಲಾಂಗ್‌ಚ್ವಾನ್ ಊರಿನವು. ಅಲ್ಲಿ ತಲೆಮಾರುಗಳಿಂದ ಕತ್ತಿ ಮಾಡುತ್ತಾರೆ. ಒಳ್ಳೆಯದೂ ಇದೆ, ಕಳಪೆಯೂ ಇದೆ. ಅಲಗಿನ ತುಂಬ ಅಲೆ ಅಲೆಯಾಗಿ ಕಾಣುವ 'ಡಮಾಸ್ಕಸ್' ಚಿತ್ತಾರಕ್ಕೆ ಜಾಸ್ತಿ ದುಡ್ಡು ಕೊಡಬೇಡಿ. ಕಣ್ಣಿಗೆ ಚೆಂದ, ಬಲಕ್ಕೆ ಅದರಿಂದ ಏನೂ ಸೇರಲ್ಲ.

ಅಲಗಿನ ಮೇಲೆ ಬಿಳಿ ಅಲೆ ಥರ ಗೆರೆ ಇದೆ. ಅದು ಅಸಲಿ ಅಂತ ಹೇಗೆ ಗೊತ್ತಾಗುತ್ತೆ?

ಆ ಗೆರೆಗೆ ಹಮೊನ್ ಅನ್ನುತ್ತಾರೆ. ಕಮ್ಮಾರ ಅಲಗಿನ ಬೆನ್ನಿಗೆ ಮಣ್ಣನ್ನು ದಪ್ಪಗೆ, ಬಾಯಿಯ ಕಡೆ ತೆಳ್ಳಗೆ ಮೆತ್ತಿ, ಕೆಂಪಗೆ ಕಾಯಿಸಿ ನೀರಿಗೆ ಅದ್ದುತ್ತಾನೆ. ಬಾಯಿಯ ಭಾಗ ಥಟ್ಟನೆ ತಣಿದು ಗಟ್ಟಿಯಾಗುತ್ತದೆ. ಬೆನ್ನು ನಿಧಾನಕ್ಕೆ ತಣಿದು ಮೆತ್ತಗೆ ಉಳಿಯುತ್ತದೆ. ಕತ್ತಿ ಬಾಗುವುದೂ ಆ ಅದ್ದುವ ಹೊತ್ತಿನಲ್ಲೇ. ಎರಡೂ ಸೇರುವ ಗಡಿಯೇ ಹಮೊನ್.

ಒಂದೇ ದೀಪ ಇಟ್ಟುಕೊಂಡು ಅಲಗನ್ನು ನಿಧಾನಕ್ಕೆ ಓರೆ ಮಾಡುತ್ತಾ ನೋಡಿ. ಅಸಲಿ ಹಮೊನ್ ಬೆಳಕಿನ ಕೋನ ಬದಲಾದಂತೆ ಕಾಣಿಸಿಕೊಂಡು ಮರೆಯಾಗುತ್ತದೆ, ಅದರ ಅಂಚಿನಲ್ಲಿ ಸಣ್ಣ ಸಣ್ಣ ಚುಕ್ಕಿಗಳು ಮಿನುಗುತ್ತವೆ. ಆಸಿಡ್ ಹಾಕಿಯೋ ವೈರ್ ಬ್ರಷ್ ಉಜ್ಜಿಯೋ ಬಿಡಿಸಿದ್ದು ಯಾವ ಕಡೆಯಿಂದ ನೋಡಿದರೂ ಒಂದೇ ಥರ ಬೆಳ್ಳಗೆ, ಒಂದೇ ಅಳತೆಯ ಅಲೆಗಳಾಗಿ ಕಾಣುತ್ತದೆ. ಇಯಾಯ್ತೊ ಮೇಲಿನ ಗೆರೆ ಯಾವತ್ತೂ ಅಲಂಕಾರಕ್ಕೆ ಮಾಡಿದ್ದೇ. ಅದರಲ್ಲಿ ಮೋಸ ಏನಿಲ್ಲ, ಅದು ಹದ ಹಾಕುವ ಲೋಹವೇ ಅಲ್ಲ.

ಪಾರ್ಸೆಲ್ ಬಂತು. ಬೀಸುವ ಮೊದಲು ಏನೇನು ನೋಡ್ಬೇಕು?

ಮೊದಲು ಮೆಕುಗಿ. ಹಿಡಿಯ ಒಂದು ಪಕ್ಕದಲ್ಲಿ, ಸುತ್ತಿದ ನೂಲಿನ ನಡುವೆ ಬೆರಳಿಗೆ ಸಿಗುವ ಒಂದು ಬಿದಿರಿನ ಮೊಳೆ ಅದು. ಕಿರುಬೆರಳಿಗಿಂತ ಸಣ್ಣದು. ಹಿಡಿಯ ಮರವನ್ನೂ ಒಳಗಿನ ಉಕ್ಕಿನ ಬಾಲವನ್ನೂ ತೂರಿ ಹೋಗಿ ಇಡೀ ಅಲಗನ್ನು ಹಿಡಿದಿಟ್ಟಿರುವುದು ಅದೇ. ಜಪಾನಿ ಕತ್ತಿಗೆ ಸಾಂಪ್ರದಾಯಿಕವಾಗಿ ಅಂಟಿಲ್ಲ, ಸ್ಕ್ರೂ ಇಲ್ಲ. ಮೆಕುಗಿ ಸಡಿಲವಾಗಿದ್ದರೆ, ಸೀಳಿದ್ದರೆ, ಹಿಡಿಯ ಮಟ್ಟಕ್ಕಿಂತ ಒಳಗೆ ಕುಸಿದಿದ್ದರೆ ಆ ಕತ್ತಿ ಬೀಸಲೇಬಾರದು. ಹೊಸ ಮೆಕುಗಿ ಹಾಕಬೇಕು. ಬಿದಿರಿನದೇ ಯಾಕೆ ಅಂದರೆ ಅದರ ನಾರು ಜಜ್ಜಿಹೋದರೂ ಒಮ್ಮೆಲೇ ತುಂಡಾಗಲ್ಲ. ಕಬ್ಬಿಣದ ಮೊಳೆ, ಬೆಂಕಿಕಡ್ಡಿ, ಟೂತ್‌ಪಿಕ್ ತುರುಕಬೇಡಿ.

ಆಮೇಲೆ ಹಿಡಿಯ ನೂಲು. ಹೆಬ್ಬೆರಳಲ್ಲಿ ಗಟ್ಟಿಯಾಗಿ ತಳ್ಳಿ ನೋಡಿ, ಜರುಗಬಾರದು. ಬೆವರು ಜಾಸ್ತಿ ಬರುವವರಿಗೆ ಹತ್ತಿ ನೂಲು ಒಳ್ಳೆಯದು. ತ್ಸುಬಾ, ಅಂದರೆ ಕೈ ಕಾಯುವ ತಟ್ಟೆ, ಅಲ್ಲಾಡಿಸಿದರೆ ಲಟಪಟ ಅನ್ನಬಾರದು.

ಕೊನೆಗೆ ಒರೆ. ಕತ್ತಿಯನ್ನು ಒರೆಯ ಸಮೇತ ಹಿಡಿದು, ಹಾಸಿಗೆಯ ಮೇಲೆ ಹಿಡಿ ಕೆಳಗೆ ಬರುವಂತೆ ಮೆಲ್ಲಗೆ ಓರೆ ಮಾಡಿ. ತಾನಾಗಿ ಜಾರಿ ಹೊರಬಂದರೆ ಒರೆಯ ಬಾಯಿ ಸಡಿಲ. ಕಲಬುರಗಿ, ರಾಯಚೂರಿನ ಒಣ ಬೇಸಿಗೆಯಲ್ಲಿ ಮರ ಕುಗ್ಗಿ ಹೀಗಾಗುತ್ತದೆ, ಹಾಗಾಗಿ ವರ್ಷಕ್ಕೊಂದು ಸಲ ಅಲ್ಲ, ಪ್ರತಿ ಸಲ ಹಿಡಿದಾಗಲೂ ನೋಡಿ.

## ಕಾನೂನು, ತರಿಸುವುದು, ಸಾಗಿಸುವುದು

ಇಂಡಿಯಾದಲ್ಲಿ ಕಟಾನಾ ಇಟ್ಕೊಳ್ಳೋಕೆ ಲೈಸೆನ್ಸ್ ಬೇಕಾ?

ಬೊಕ್ಕೆನ್, ಶಿನಾಯ್‌ಗೆ ಬೇಡ. ಲೋಹದ ಅಲಗಿಗೆ ಬಂದರೆ 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ನಿಯಮಗಳು ಅನ್ವಯವಾಗುತ್ತವೆ. ಕತ್ತಿ, ಖಡ್ಗ, 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಹರಿತ ಆಯುಧಗಳು ಅದರ ಪಟ್ಟಿಯಲ್ಲಿವೆ. ಮನೆ, ಹೊಲದ ಕೆಲಸದ ಉಪಕರಣಗಳನ್ನು ಬಿಟ್ಟಿದ್ದಾರೆ. ಇಟ್ಟುಕೊಳ್ಳಲು ಲೈಸೆನ್ಸ್ ಬೇಕೋ ಬೇಡವೋ ಅನ್ನುವುದು ನಿಮ್ಮ ಪ್ರದೇಶಕ್ಕೆ ಸರ್ಕಾರದ ಅಧಿಸೂಚನೆ ಇದೆಯೇ ಅನ್ನುವುದರ ಮೇಲೆ ನಿಂತಿದೆ. ಹೊರದೇಶದಿಂದ ಆಯುಧ ತರಿಸಲು ಮಾತ್ರ ಲೈಸೆನ್ಸ್ ಬೇಕೇ ಬೇಕು. ಆನ್‌ಲೈನ್‌ನಲ್ಲಿ ದುಡ್ಡು ಕಟ್ಟಿ ಹರಿತದ ಕತ್ತಿ ತರಿಸಿದರೆ ಕಸ್ಟಮ್ಸ್‌ನಲ್ಲಿ ಅದೂ ಹೋಗುತ್ತದೆ, ಕೇಸೂ ಬೀಳಬಹುದು.

ಹರಿತವಿಲ್ಲದ ಇಯಾಯ್ತೊ ಕೂಡ ಪೆಟ್ಟಿಗೆ ತೆರೆದ ಅಧಿಕಾರಿಗೆ ಕತ್ತಿಯಾಗಿಯೇ ಕಾಣುತ್ತದೆ. ದುಡ್ಡು ಕೊಡುವ ಮೊದಲು ನಿಮ್ಮ ಠಾಣೆಯಲ್ಲಿ ಬರವಣಿಗೆಯಲ್ಲಿ ಕೇಳಿ, ಉತ್ತರವನ್ನು ಇಟ್ಟುಕೊಳ್ಳಿ. ತರಗತಿಗೆ ಒಯ್ಯುವಾಗ ಚೀಲದಲ್ಲಿ ಹಾಕಿ ಜಿಪ್ ಎಳೆದು ಒಯ್ಯಿರಿ. ಹಬ್ಬ, ಚುನಾವಣೆ, ಗಲಾಟೆಯ ಸಮಯದಲ್ಲಿ ನಿಷೇಧಾಜ್ಞೆ ಇದ್ದರೆ ಬೊಕ್ಕೆನ್ ಕೂಡ ಮನೆಯಲ್ಲೇ ಇರಲಿ. ಕತ್ತಿ ಹಿಡಿದ ಫೋಟೊ, ರೀಲ್ಸ್ ಬೀದಿಯಲ್ಲಿ ನಿಂತು ತೆಗೆಯಬೇಡಿ.

ಜಪಾನಿಗೆ ಹೋಗ್ತಿದ್ದೀನಿ. ಬರ್ತಾ ತರಬಹುದಾ?

ಬೊಕುತೊ ತನ್ನಿ, ಚೆಕ್-ಇನ್ ಸಾಮಾನಿನಲ್ಲಿ. ಜಪಾನಿನಲ್ಲಿ ಅಸಲಿ ಕತ್ತಿಗೆ ಪ್ರಾಂತ್ಯದ ಶಿಕ್ಷಣ ಮಂಡಳಿ ಕೊಟ್ಟ ನೋಂದಣಿ ಪತ್ರ ಇರುತ್ತದೆ. ಅದನ್ನು ದೇಶದಿಂದ ಹೊರಗೆ ಒಯ್ಯಲು ಸಂಸ್ಕೃತಿ ಇಲಾಖೆಯ ಅನುಮತಿ ಬೇಕು. ಇದಾದ ಮೇಲೆ ಇಲ್ಲಿನ ಲೈಸೆನ್ಸ್ ಬೇರೆ. ಪ್ರವಾಸಿ ಅಂಗಡಿಗಳಲ್ಲಿ ಸಿಗುವವು ಹೆಚ್ಚಿನವು ಮಿಶ್ರಲೋಹದ ಗೋಡೆ ಕತ್ತಿಗಳು. ಹಾಗೆಯೇ ಇಲ್ಲಿಂದ ಸ್ಟೀಲ್ ಕತ್ತಿ ತಗೊಂಡು ಜಪಾನಿಗೆ ತರಬೇತಿಗೆ ಹೋಗಬೇಡಿ. ಅಲ್ಲಿನ ಕಾನೂನು ಬಹಳ ಬಿಗಿ.

ನಾನು ಇಂಗ್ಲೆಂಡಿನಲ್ಲಿದ್ದೀನಿ, ಇಲ್ಲಿ ಹೇಗೆ?

2008ರಿಂದ ಅಲ್ಲಿ 50 ಸೆಂಟಿಮೀಟರ್ ಅಥವಾ ಅದಕ್ಕಿಂತ ಉದ್ದದ ಬಾಗಿದ ಕತ್ತಿಗಳ ಮಾರಾಟ, ಆಮದು ನಿಷೇಧ. 1954ಕ್ಕಿಂತ ಹಳೆಯದಕ್ಕೆ, ಸಾಂಪ್ರದಾಯಿಕ ರೀತಿಯಲ್ಲಿ ಕೈಯಲ್ಲೇ ಮಾಡಿದ್ದಕ್ಕೆ ವಿನಾಯಿತಿ ಇದೆ. ಅಭ್ಯಾಸದ ಕತ್ತಿಯನ್ನು ನಿಮ್ಮ ದೊಜೊ (ತರಬೇತಿ ಶಾಲೆ) ಮೂಲಕವೇ ತಗೊಳ್ಳಿ. ಅಮೆರಿಕದಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ, ಹೊರಗೆ ಒಯ್ಯುವ ಮೊದಲು ನಿಮ್ಮ ರಾಜ್ಯದ್ದನ್ನು ಓದಿ.

## ಮನೆಯಲ್ಲಿ

ಸ್ಟ್ಯಾಂಡ್ ಮೇಲೆ ಹೇಗೆ ಇಡ್ಬೇಕು? ಬಾಯಿ ಮೇಲಕ್ಕಾ ಕೆಳಕ್ಕಾ?

ಕಟಾನಾ ಆದರೆ ಬಾಯಿ ಮೇಲೆ, ಬಾಗು ಆಕಾಶದ ಕಡೆ. ಸೊಂಟಕ್ಕೆ ಸಿಕ್ಕಿಸುವುದೂ ಹಾಗೆಯೇ. ಅದಕ್ಕಿಂತ ಹಳೆಯ ರೀತಿಯ ತಾಚಿ ಕತ್ತಿಯನ್ನು ಬಾಯಿ ಕೆಳಗೆ ಮಾಡಿ ಇಡುತ್ತಾರೆ. ನೋಡುವವರ ಎಡಗಡೆಗೆ ಹಿಡಿ ಬರುವಂತೆ ಇಡುವುದು ರೂಢಿ. ಬಲಗೈಗೆ ತಟ್ಟನೆ ಎಟುಕದ ಹಾಗೆ ಇಡುವುದು ಶಾಂತಿಯ ಸೂಚನೆ.

ಮಕ್ಕಳಿರುವ ಮನೆಯಲ್ಲಿ ತೆರೆದ ಸ್ಟ್ಯಾಂಡ್ ಬೇಡ, ಬೀಗ ಇರುವ ಗಾಜಿನ ಪೆಟ್ಟಿಗೆ ಮಾಡಿಸಿ. ಹರಿತ ಇಲ್ಲದಿದ್ದರೂ ಮೊನೆ ಚುಚ್ಚುತ್ತದೆ.

ಮಂಗಳೂರಿನ ಮಳೆಗಾಲಕ್ಕೆ ತುಕ್ಕು ಹಿಡಿಯಲ್ವಾ? ತೆಂಗಿನೆಣ್ಣೆ ಹಚ್ಚಿದ್ರೆ ಸಾಕಾ?

ಇಂಗಾಲದ ಸ್ಟೀಲ್ ಆದರೆ ಒಂದು ಬೆರಳಚ್ಚೇ ಸಾಕು, ಅದೇ ಆಕಾರದಲ್ಲಿ ತುಕ್ಕು ಏಳುತ್ತದೆ. ಅಲಗನ್ನು ಬರಿಗೈಯಲ್ಲಿ ಮುಟ್ಟಬೇಡಿ. ಅದರ ಮುಂದೆ ನಿಂತು ಮಾತಾಡಲೂ ಬೇಡಿ, ಉಗುಳಿನ ಹನಿ ಸಾಕು. ತೆಂಗಿನೆಣ್ಣೆ ಬೇಡ. ಚಳಿಗೆ ಗಟ್ಟಿಯಾಗುತ್ತದೆ, ದಿನ ಕಳೆದಂತೆ ಜಿಗುಟಾಗಿ ಧೂಳು ಹಿಡಿಯುತ್ತದೆ. ಜಪಾನಿನಲ್ಲಿ ಲವಂಗದ ಪರಿಮಳದ ಚೋಜಿ ಎಣ್ಣೆ ಬಳಸುತ್ತಾರೆ. ಅದು ಸಿಗದಿದ್ದರೆ ಹೊಲಿಗೆ ಮಿಷನ್ನಿನ ತೆಳು ಎಣ್ಣೆ ಆಗುತ್ತದೆ.

ಬಾಯಿಯನ್ನು ನಿಮ್ಮಿಂದ ಆಚೆಗೆ ತಿರುಗಿಸಿಕೊಂಡು, ಮೆತ್ತನೆ ಕಾಗದವನ್ನು ಬೆನ್ನಿನ ಕಡೆಯಿಂದ ಮಡಚಿ ಹಿಡಿದು, ಬುಡದಿಂದ ಮೊನೆಗೆ ಒಂದೇ ದಿಕ್ಕಿನಲ್ಲಿ ಹಳೆ ಎಣ್ಣೆ ಒರೆಸಿ. ಆಮೇಲೆ ಹೊಸ ಎಣ್ಣೆಯನ್ನು ತೆಳ್ಳಗೆ ಸವರಿ. ಹನಿ ಕಂಡರೆ ಜಾಸ್ತಿಯಾಯಿತು. ಕರಾವಳಿ, ಮಲೆನಾಡಿನಲ್ಲಿ ಮಳೆಗಾಲದಲ್ಲಿ ವಾರಕ್ಕೊಮ್ಮೆ ತೆಗೆದು ನೋಡಿ. ಅಲಗು ಒರೆಸಲು ಬಳಸುವ ಬಿಳಿ ಪುಡಿಯ ಉಚಿಕೊ ಚೆಂಡನ್ನು ಇಯಾಯ್ತೊ ಮೇಲೆ ತಟ್ಟಬೇಡಿ, ಗೀರು ಬೀಳುತ್ತದೆ.

ಆಯುಧಪೂಜೆ ದಿನ ಅರಿಶಿನ ಕುಂಕುಮ ಹಚ್ಚಬಹುದಾ?

ಅಲಗಿಗೆ ಬೇಡ. ಒದ್ದೆ ಅರಿಶಿನ, ಕುಂಕುಮ ರಾತ್ರಿ ಕಳೆಯುವುದರೊಳಗೆ ಉಕ್ಕಿನ ಮೇಲೆ ಕಲೆ ಬಿಡುತ್ತದೆ. ಕತ್ತಿಯನ್ನು ಒರೆಯಲ್ಲೇ ಇಟ್ಟು, ಸ್ಟ್ಯಾಂಡಿನ ಮುಂದೆ ಹೂವಿಟ್ಟು ಪೂಜೆ ಮಾಡಿ. ಸ್ಟ್ಯಾಂಡಿನ ಮರಕ್ಕೆ ಬೊಟ್ಟಿಟ್ಟರೆ ತೊಂದರೆಯಿಲ್ಲ.

## ಮುಂದಿನ ಹಂತದವರಿಗೆ

ಶಿಂಕೆನ್ ಯಾವಾಗ ತಗೋಬೇಕು? ಬಾಳೆ ದಿಂಡು ಕಡಿದು ನೋಡ್ಬಹುದಾ?

ನಿಮ್ಮ ಗುರುಗಳು ಹೇಳಿದಾಗ. ಅವರು ಹೇಳದಿದ್ದರೆ ಬೇಡ. ಕತ್ತರಿಸುವ ಅಭ್ಯಾಸಕ್ಕೆ ತಮೆಶಿಗಿರಿ ಅನ್ನುತ್ತಾರೆ. ಹುಲ್ಲಿನ ಚಾಪೆಯನ್ನು ಸುರುಳಿ ಸುತ್ತಿ, ನೀರಲ್ಲಿ ನೆನೆಸಿ, ಗೂಟಕ್ಕೆ ನಿಲ್ಲಿಸಿ ಕಡಿಯುತ್ತಾರೆ. ಅಲಗು ಸ್ವಲ್ಪ ಓರೆಯಾದರೂ ಕತ್ತಿ ಬಾಗುತ್ತದೆ, ಇಲ್ಲವೇ ಜಾರಿ ನಿಮ್ಮ ಮೊಣಕಾಲಿಗೇ ಬರುತ್ತದೆ. ಹಿತ್ತಲಲ್ಲಿ ಬಾಳೆ ದಿಂಡು, ನೀರಿನ ಬಾಟಲಿ ಇಟ್ಟು ಒಬ್ಬರೇ ಪ್ರಯೋಗ ಮಾಡಬೇಡಿ. ಮಿಶ್ರಲೋಹದ ಇಯಾಯ್ತೊದಲ್ಲಂತೂ ಯಾವುದಕ್ಕೂ ಹೊಡೆಯಬೇಡಿ, ಅದು ಮುರಿಯುತ್ತದೆ.

ಜಪಾನಿನಲ್ಲೇ ಮಾಡಿದ ಕತ್ತಿಗೆ ಯಾಕೆ ಅಷ್ಟೊಂದು ರೇಟು?

ಲೈಸೆನ್ಸ್ ಇರುವ ಕಮ್ಮಾರನ ಹತ್ತಿರ ಕಡಿಮೆಯೆಂದರೆ ಐದು ವರ್ಷ ಶಿಷ್ಯನಾಗಿ ದುಡಿದವನಿಗೆ ಮಾತ್ರ ಅಲ್ಲಿ ಕತ್ತಿ ಮಾಡುವ ಹಕ್ಕು ಸಿಗುತ್ತದೆ. ಒಬ್ಬ ಕಮ್ಮಾರ ತಿಂಗಳಿಗೆ ಎರಡು ಉದ್ದ ಕತ್ತಿಗಿಂತ ಜಾಸ್ತಿ ಮಾಡುವಂತಿಲ್ಲ. ಅವರು ಬಳಸುವ ತಮಹಗಾನೆ ಉಕ್ಕು ಶಿಮಾನೆ ಪ್ರಾಂತ್ಯದ ಒಕುಇಜುಮೊದಲ್ಲಿ, 1977ರಲ್ಲಿ ಮತ್ತೆ ಹೊತ್ತಿಸಿದ ತತಾರಾ ಕುಲುಮೆಯಿಂದ ಬರುತ್ತದೆ. ಚಳಿಗಾಲದಲ್ಲಿ ಮಾತ್ರ, ಮೂರು ಹಗಲು ಮೂರು ರಾತ್ರಿ ಬಿಡದೆ ಕಬ್ಬಿಣದ ಮರಳು ಮತ್ತು ಇದ್ದಿಲು ಸುರಿದು ಉರಿಸುತ್ತಾರೆ. ಸುಮಾರು 10 ಟನ್ ಮರಳು ಹಾಕಿದರೆ 2.5 ಟನ್ ಉಕ್ಕಿನ ಗಟ್ಟಿ ಬರುತ್ತದೆ, ಅದರಲ್ಲೂ ಕತ್ತಿಗೆ ಆಗುವುದು ಸ್ವಲ್ಪವೇ. ಕಮ್ಮಾರನ ಕೆಲಸ ಮುಗಿದ ಮೇಲೆ ಸಾಣೆಯವರು ಬೇರೆ, ಒರೆ ಮಾಡುವವರು ಬೇರೆ, ಬುಡದ ಪಟ್ಟಿ ಮಾಡುವವರು ಬೇರೆ. ಇಷ್ಟು ಜನರ ಕೂಲಿ ಸೇರಿದರೆ ಬೆಲೆ ನ್ಯಾಯವೇ ಅನಿಸುತ್ತದೆ ನನಗೆ. 'ಅಸಲಿ ತಮಹಗಾನೆ' ಅಂತ ಹತ್ತು ಸಾವಿರ ರೂಪಾಯಿಗೆ ಯಾರಾದರೂ ಕೊಟ್ಟರೆ ಅದು ಸುಳ್ಳು.

ತಾತ ಬರ್ಮಾ ಯುದ್ಧದಿಂದ ತಂದ ಜಪಾನಿ ಕತ್ತಿ ಅಟ್ಟದಲ್ಲಿದೆ. ಉಜ್ಜಿ ಹೊಳಪು ಕೊಡಿಸಿ ಗೋಡೆಗೆ ಹಾಕ್ಲಾ?

ದಯವಿಟ್ಟು ಉಜ್ಜಬೇಡಿ. 1945ರಲ್ಲಿ ಶರಣಾದ ಜಪಾನಿ ಅಧಿಕಾರಿಗಳು ಒಪ್ಪಿಸಿದ ಕತ್ತಿಗಳಲ್ಲಿ ಹೆಚ್ಚಿನವು ಕಾರ್ಖಾನೆಯಲ್ಲಿ ತಯಾರಾದವು. ಆದರೆ ಕೆಲವರು ಮನೆತನದ ಹಳೆಯ ಅಲಗನ್ನೇ ಸೈನ್ಯದ ಹಿಡಿಗೆ ಕೂರಿಸಿಕೊಂಡು ಬಂದಿದ್ದರು. ಯಾವುದು ಅಂತ ಹೇಳುವುದು ಹಿಡಿಯೊಳಗಿನ ಬಾಲ, ಅಂದರೆ ನಕಾಗೊ. ಕಮ್ಮಾರನ ಹೆಸರು ಕೆತ್ತಿದ್ದರೆ ಅಲ್ಲೇ ಇರುತ್ತದೆ. ಅದರ ಮೇಲಿನ ಕಪ್ಪು ಕಂದು ತುಕ್ಕಿನ ಬಣ್ಣ ನೋಡಿಯೇ ತಿಳಿದವರು ಎಷ್ಟು ಹಳೆಯದು ಅಂತ ಅಂದಾಜು ಮಾಡುತ್ತಾರೆ. ಉಪ್ಪುಕಾಗದ ಹಾಕಿ ಉಜ್ಜಿದರೆ ಆ ದಾಖಲೆ ಅಳಿಸಿಹೋಗುತ್ತದೆ, ಮತ್ತೆ ಬರಲ್ಲ.

ಮೊದಲು ಅದನ್ನು ಇಟ್ಟುಕೊಳ್ಳುವ ಕಾಗದಪತ್ರದ ಬಗ್ಗೆ ಠಾಣೆಯಲ್ಲಿ ವಿಚಾರಿಸಿ. ಅಲಗಿಗೆ ತೆಳ್ಳಗೆ ಎಣ್ಣೆ ಸವರಿ, ನಕಾಗೊ ಮುಟ್ಟಬೇಡಿ. ಮೆಕುಗಿ ಸುಲಭಕ್ಕೆ ಹೊರಬಂದರೆ ಹಿಡಿ ಬಿಚ್ಚಿ ನಕಾಗೊದ ಎರಡೂ ಮುಖಗಳ ಫೋಟೊವನ್ನು ಹಗಲು ಬೆಳಕಿನಲ್ಲಿ ತೆಗೆದು, ಜಪಾನಿ ಕತ್ತಿ ಬಲ್ಲವರಿಗೆ ತೋರಿಸಿ. ಸಿಕ್ಕಿಕೊಂಡಿದ್ದರೆ ಸುತ್ತಿಗೆ ಹಾಕಬೇಡಿ, ಹಾಗೇ ಬಿಡಿ.